ಜಡ್ಜರನ್ನು ಆರಿಸುವ ಜಗಳದಲ್ಲಿ ನಮ್ಮ ಪಾಲೆಷ್ಟು?



ಹೈಕೋರ್ಟು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ಯಾರು ನೇಮಿಸಬೇಕು ಅನ್ನೋ ಜಗಳ ಆಗಾಗ ಪೇಪರಿನ ಮೊದಲ ಪುಟಕ್ಕೆ ಬರುತ್ತದೆ. ಸರ್ಕಾರ ನಮಗೆ ಬಿಡಿ ಅನ್ನುತ್ತದೆ. ಕೋರ್ಟು ನಮ್ಮ ಮನೆ ವಿಷಯಕ್ಕೆ ಬರಬೇಡಿ ಅನ್ನುತ್ತದೆ. ಹಾಸ್ಟೆಲಿನಲ್ಲಿ ಪೇಪರು ಕೈಯಿಂದ ಕೈಗೆ ಹೋಗುವಾಗ ಹುಡುಗರು ಎಸ್‌ಡಿಎ ಜಾಹೀರಾತು ನೋಡ್ತಾರೆ, ಸ್ಕಾಲರ್‌ಶಿಪ್ ಸುದ್ದಿ ನೋಡ್ತಾರೆ, ಕ್ರಿಕೆಟ್ ನೋಡ್ತಾರೆ. ಜಡ್ಜರ ಸುದ್ದಿ ಬಂದರೆ 'ದೊಡ್ಡವರ ಜಗಳ ಮಾರಾಯ, ನಮಗೆಂತಕೆ' ಅಂತ ಪುಟ ಮಗುಚಿಬಿಡ್ತಾರೆ. ಆ ಪುಟವನ್ನು ಮಗುಚಬೇಡಿ ಅಂತ ಹೇಳೋದಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಬಣಕಲ್ ಸುತ್ತಿನ ಕಾಫಿ ತೋಟಗಳಲ್ಲಿ ಹುಟ್ಟಿ ಬೆಳೆದವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಹೊಸ ಮೇಸ್ತ್ರಿ ಯಾರಾಗಬೇಕು ಅಂತ ಸಾಹುಕಾರ್ರಿಗೂ ರೈಟರಿಗೂ ಮಾತಾಗುತ್ತದೆ. ಸಾಹುಕಾರ್ರು ತಮ್ಮ ಮಾತು ಕೇಳುವವನು ಬೇಕು ಅಂತಾರೆ, ರೈಟರು ತನ್ನ ಮನುಷ್ಯ ಬೇಕು ಅಂತಾನೆ. ಹಾಜರಿ ಹಾಕಿಸೋದು, ಕೊಯ್ದ ಹಣ್ಣಿನ ತೂಕ ನೋಡೋದು, ಲೈನ್ ಮನೆಗೆ ಸೋಗೆಯೋ ಶೀಟೋ ಕೊಡಿಸೋದು ಎಲ್ಲಾ ಅದೇ ಮೇಸ್ತ್ರಿ. ಅವನ ಕೈಕೆಳಗೆ ಬಾಳುವೆ ಮಾಡಬೇಕಾದವರು ಲೈನಿನ ಜನ. ಆ ಜನರನ್ನು ಕೇಳಿದವರು ಯಾರು? ಡೆಲ್ಲಿಯಲ್ಲಿ ನಡೆಯುತ್ತಿರುವುದೂ ಇಂಥದೇ ಜಗಳ. ಅಲ್ಲಿ ಹಾಜರಿ ಪುಸ್ತಕದ ಬದಲು ಸಂವಿಧಾನ ಇದೆ, ಅಷ್ಟೇ.

ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರು ಮೊದಲು ಜಮೀನಿನ ಕಥೆ ಕೇಳಲಿ. 1978ರಲ್ಲಿ ದೇವರಾಜ ಅರಸರ ಕಾಲದಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಉಳ್ಳವರು ಕೊಂಡುಕೊಂಡಿದ್ದರೆ ಆ ಕ್ರಯ ಊರ್ಜಿತವಲ್ಲ, ಜಮೀನು ವಾಪಸು ಬರಬೇಕು ಅನ್ನೋದು ಅದರ ತಿರುಳು. ಸಾಲಕ್ಕೆ, ಹೆಂಡಕ್ಕೆ, ಮದುವೆಗೆ, ಒಂದು ಹೊತ್ತಿನ ಆಸ್ಪತ್ರೆ ಖರ್ಚಿಗೆ ಹೆಬ್ಬೆಟ್ಟು ಒತ್ತಿ ಕಳಕೊಂಡ ಜಮೀನು ಅದು. ಕಾಯ್ದೆ ನಿಲ್ಲೋದಿಲ್ಲ ಅಂತ ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಮ್ಮ ಜನ ಅರ್ಜಿ ಹಿಡಿದು ಎ.ಸಿ. ಆಫೀಸಿಗೆ ಅಲೆಯತೊಡಗಿದರು.

2017ರ ಅಕ್ಟೋಬರಿನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ, ಜಮೀನು ವಾಪಸು ಕೇಳುವವರು ಸಮಂಜಸವಾದ ಕಾಲದೊಳಗೆ ಬರಬೇಕು, 25 ವರ್ಷ ಬಿಟ್ಟು ಬಂದರೆ ಆಗೋದಿಲ್ಲ ಅಂತ ಹೇಳಿತು. ಕಾಯ್ದೆಯಲ್ಲಿ ಕಾಲಮಿತಿ ಅಂತ ಒಂದು ಅಕ್ಷರ ಇರಲಿಲ್ಲ. ಆ ತೀರ್ಪನ್ನು ತೋರಿಸಿ ಎ.ಸಿ., ಡಿ.ಸಿ., ಹೈಕೋರ್ಟುಗಳಲ್ಲಿ ನಮ್ಮವರ ಅರ್ಜಿಗಳು ಸಾಲಾಗಿ ಬಿದ್ದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಮಳೆ ಬಿಸಿಲಿನಲ್ಲಿ ಕೂತ ಮೇಲೆ 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ಮಾಡಿ ಕಾಲಮಿತಿ ಇಲ್ಲ ಅಂತ ಬರೆಯಿತು. 2024ರಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು, ಕಾಲಮಿತಿ ಬೇರೆ, ವಿಳಂಬ ಬೇರೆ, ತಿದ್ದುಪಡಿ ಬಂದರೂ ವಿಳಂಬವನ್ನು ನೋಡಲೇಬೇಕು ಅಂತ ಅರ್ಥ ಹೇಳಿತು.

ನೋಡಿ ಗೆಳೆಯರೇ. ಕಾಯ್ದೆ ಬರೆದದ್ದು ಶಾಸನಸಭೆ. ಆದರೆ ಅದರ ಒಂದು ಪದಕ್ಕೆ ಏನು ಅರ್ಥ ಅನ್ನೋದನ್ನು ತೀರ್ಮಾನ ಮಾಡಿದ್ದು ಪೀಠದ ಮೇಲೆ ಕೂತವರು. ಓದು ಬರಹ ಬಾರದ ಮುದುಕಿ ಇಪ್ಪತ್ತೈದು ವರ್ಷ ಯಾಕೆ ಸುಮ್ಮನಿದ್ದಳು ಅನ್ನೋ ಪ್ರಶ್ನೆಗೆ ಎರಡು ಉತ್ತರ ಉಂಟು. 'ಹಕ್ಕಿನ ಮೇಲೆ ನಿದ್ದೆ ಮಾಡಿದಳು' ಅನ್ನೋದು ಒಂದು. 'ಜಮೀನು ಕೊಂಡವನ ತೋಟದಲ್ಲೇ ಕೂಲಿ ಮಾಡ್ತಿದ್ದಳು, ಅವನ ಲೈನಿನಲ್ಲೇ ಮಲಗುತ್ತಿದ್ದಳು, ಕೇಳಿದರೆ ಸಂಜೆಗೆ ಮನೆ ಖಾಲಿ' ಅನ್ನೋದು ಇನ್ನೊಂದು. ಎರಡನೇ ಉತ್ತರ ಯಾರಿಗೆ ಹೊಳೆಯುತ್ತದೆ? ಲೈನ್ ಮನೆ ಅಂದರೆ ಏನು ಅಂತ ಗೊತ್ತಿದ್ದವರಿಗೆ. ಹಾಗಾಗಿ ಪೀಠದ ಮೇಲೆ ಯಾರು ಕೂರುತ್ತಾರೆ, ಅವರನ್ನು ಯಾರು ಕೂರಿಸುತ್ತಾರೆ ಅನ್ನೋದು ನಮ್ಮ ಗದ್ದೆಯ ವಿಷಯ.

ಸೀಟಿನ ವಿಷಯವೂ ಅದೇ. 1962ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ನೂರಕ್ಕೆ 68 ಮೀಸಲಿಟ್ಟಿತು. ಅದೇ ವರ್ಷ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿ ಐವತ್ತರ ಗೆರೆಯ ಮಾತೆತ್ತಿತು. ಇವತ್ತಿಗೂ ನಾವು ಆ ಗೆರೆಯನ್ನು ಮುಟ್ಟಿ ಮುಟ್ಟಿ ವಾಪಸು ಬರ್ತಾ ಇದ್ದೇವೆ.

ಇನ್ನು ಜಗಳದ ವಿಷಯಕ್ಕೆ ಬರೋಣ. ಈ ಜಗಳ ಬಹಿರಂಗವಾಗಿ, ಪಕ್ಷ ಪಕ್ಷಗಳ ನಡುವೆ ನಡೆಯೋದು ಅಮೆರಿಕದಲ್ಲಿ. ಅಲ್ಲಿ ಸುಪ್ರೀಂ ಕೋರ್ಟಿಗೆ ಅಧ್ಯಕ್ಷ ಒಂದು ಹೆಸರು ಸೂಚಿಸುತ್ತಾನೆ. ಸೆನೆಟ್ ಅನ್ನೋ ಮೇಲ್ಮನೆ ಆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ಓಟು ಹಾಕುತ್ತದೆ. 1930ರಲ್ಲಿ ಜಾನ್ ಪಾರ್ಕರ್ ಅನ್ನುವವರ ಹೆಸರು ಬಂತು. ಅವರು 1920ರ ಚುನಾವಣೆಯಲ್ಲಿ ಕಪ್ಪು ಜನ ರಾಜಕೀಯಕ್ಕೆ ಬರೋದು ಕೇಡು ಅನ್ನೋ ಅರ್ಥದ ಭಾಷಣ ಮಾಡಿದ್ದರು. ಕಪ್ಪು ಜನರ ಸಂಘಟನೆ ಎನ್‌ಎಎಸಿಪಿ ಆ ಭಾಷಣವನ್ನು ಹುಡುಕಿ ತೆಗೆದು ಊರೂರಿನಲ್ಲಿ ಸಭೆ ಮಾಡಿತು, ಸೆನೆಟರುಗಳಿಗೆ ತಂತಿ ಕಳಿಸಿತು. ಕಾರ್ಮಿಕ ಸಂಘಟನೆಯೂ ಬೇರೆ ಕಾರಣಕ್ಕೆ ವಿರೋಧಿಸಿತು. 39ಕ್ಕೆ 41 ಓಟು, ಪಾರ್ಕರ್ ಸೋತರು. ಎರಡೇ ಓಟಿನ ಅಂತರ. ದಕ್ಷಿಣದಲ್ಲಿ ಓಟು ಹಾಕಲಿಕ್ಕೂ ಬಿಡದಿದ್ದ ಜನ ಒಬ್ಬ ಜಡ್ಜನನ್ನು ತಡೆದರು. 1967ರಲ್ಲಿ ಗುಲಾಮರ ಮರಿಮಗ ಥರ್‌ಗುಡ್ ಮಾರ್ಷಲ್ ಹೆಸರು ಬಂದಾಗ ದಕ್ಷಿಣದ ಬಿಳಿಯ ಸೆನೆಟರುಗಳು ಹಳೇ ಚರಿತ್ರೆಯ ಸಣ್ಣ ಸಣ್ಣ ಪ್ರಶ್ನೆ ಕೇಳಿ ಅವರನ್ನು ದಡ್ಡ ಅಂತ ತೋರಿಸಲು ನೋಡಿದರು. ಆದರೂ 69ಕ್ಕೆ 11 ಓಟಿನಲ್ಲಿ ಮಾರ್ಷಲ್ ಗೆದ್ದರು, ಅಲ್ಲಿನ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

ಇದನ್ನು ಕೇಳಿ ನಮಗೂ ಅಂಥದ್ದೇ ಬೇಕು ಅಂತ ಕೆಲವು ಗೆಳೆಯರು ಹೇಳಬಹುದು. ಸ್ವಲ್ಪ ತಡೆಯಿರಿ. 2016ರಲ್ಲಿ ಒಬಾಮ ಸೂಚಿಸಿದ ಮೆರಿಕ್ ಗಾರ್ಲೆಂಡರನ್ನು ಎದುರು ಪಕ್ಷದ ಸೆನೆಟ್ ಕೂರಿಸಿ ಮಾತಾಡಿಸಲೂ ಇಲ್ಲ. ಚುನಾವಣೆ ವರ್ಷ, ಜನ ತೀರ್ಮಾನಿಸಲಿ ಅಂದರು. 2020ರಲ್ಲಿ ಅದೇ ಪಕ್ಷ ಚುನಾವಣೆಗೆ ಎಂಟು ದಿನ ಇರುವಾಗ ಏಮಿ ಬ್ಯಾರೆಟ್ಟರನ್ನು 52ಕ್ಕೆ 48 ಓಟಿನಲ್ಲಿ ಕೂರಿಸಿತು. ಆಗ ಜನರ ನೆನಪು ಬರಲಿಲ್ಲ. ಹೀಗೆ ಕಟ್ಟಿದ ಕೋರ್ಟು 2023ರ ಜೂನಿನಲ್ಲಿ ಕಾಲೇಜು ಸೀಟು ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ತಗೊಳ್ಳೋದು ಸಂವಿಧಾನ ವಿರೋಧಿ ಅಂತ ತೀರ್ಪು ಕೊಟ್ಟಿತು. 2022ರಲ್ಲಿ 53ಕ್ಕೆ 47 ಓಟಿನಲ್ಲಿ ಬಂದಿದ್ದ ಮೊದಲ ಕಪ್ಪು ಮಹಿಳಾ ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ವಿರೋಧ ತೀರ್ಪು ಬರೆದರು. ಎಣಿಕೆಯಲ್ಲಿ ಸೋತರು. ಬಹುಮತ ಇದ್ದವನ ಕೈಗೆ ಜಡ್ಜರನ್ನು ಕೊಟ್ಟರೆ ಬಹುಮತ ಇಲ್ಲದ ಜನಕ್ಕೆ ಯಾವಾಗಲೂ ಭಯ ತಪ್ಪದು. ನಾವು ಈ ದೇಶದಲ್ಲಿ ಯಾವ ಊರಿನಲ್ಲಿ ಬಹುಮತ ಇದ್ದೇವೆ?

ಈ ಮಾತನ್ನು ಬಾಬಾಸಾಹೇಬರು 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಆಗಲೇ ಯೋಚಿಸಿ ಆಡಿದ್ದರು. ಅಂದು ಮೂರು ದಾರಿಗಳು ಅವರ ಮುಂದಿದ್ದವು. ಇಂಗ್ಲೆಂಡಿನ ಹಾಗೆ ಪೂರ್ತಿ ಸರ್ಕಾರದ ಕೈಗೆ ಕೊಡೋದು ಒಂದು. ಅಮೆರಿಕದ ಹಾಗೆ ಮೇಲ್ಮನೆಯ ಒಪ್ಪಿಗೆ ಕೇಳೋದು ಎರಡು. ಮುಖ್ಯ ನ್ಯಾಯಮೂರ್ತಿಯ ಸಮ್ಮತಿ ಇಲ್ಲದೆ ಯಾರನ್ನೂ ನೇಮಿಸಬಾರದು ಅನ್ನೋದು ಮೂರು. ಸರ್ಕಾರದ ಕೈಗೆ ಪೂರ್ತಿ ಕೊಡೋದು ಅಪಾಯ ಅಂದರು. ಮೇಲ್ಮನೆಯ ದಾರಿ ತೊಡಕಿನದು, ರಾಜಕೀಯದ ಒತ್ತಡಕ್ಕೆ ಬಾಗಿಲು ತೆರೆದ ಹಾಗೆ ಅಂದರು. ಮೂರನೆಯದಕ್ಕೂ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಎಷ್ಟೇ ದೊಡ್ಡವರಿದ್ದರೂ ಅವರೂ ಮನುಷ್ಯರು, ಮನುಷ್ಯರಿಗಿರುವ ಕುಂದು ಕೊರತೆ ಅವರಿಗೂ ಇರುತ್ತದೆ, ಅಂಥವರ ಕೈಗೆ ಕೊನೆಯ ಮಾತು ಕೊಡೋದು ಸರಿಯಲ್ಲ ಅನ್ನೋದು ಅವರ ವಾದ. ಹಾಗಾಗಿ ರಾಷ್ಟ್ರಪತಿ ನೇಮಿಸಬೇಕು, ನ್ಯಾಯಮೂರ್ತಿಗಳನ್ನು ಕೇಳಿ ನೇಮಿಸಬೇಕು ಅಂತ ನಡುದಾರಿ ಹಿಡಿದರು. ಆಮೇಲೆ ಬಂದವರು ಎರಡೂ ಕಡೆಯಿಂದ ಆ ನಡುದಾರಿಯನ್ನು ಅಗೆದು ಹಾಕಿದರು.

ಮೊದಲು ಅಗೆದದ್ದು ಸರ್ಕಾರ. ಆ ಕಥೆಯ ಅರ್ಧ ನಮ್ಮ ಕನ್ನಡ ಸೀಮೆಯಲ್ಲೇ ಇದೆ. ಕಾಸರಗೋಡಿನ ಎಡನೀರು ಮಠದ ಸ್ವಾಮಿ ಕೇಶವಾನಂದ ಭಾರತಿ, ಕೇರಳದ ಭೂ ಸುಧಾರಣಾ ಕಾಯ್ದೆಯಿಂದ ಮಠದ ಜಮೀನು ಹೋಗುತ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕೂತು 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಅಂತ 7 ಜನ, ಇಲ್ಲ ಅಂತ 6 ಜನ. ಮಾರನೇ ದಿನ ಇಂದಿರಾ ಸರ್ಕಾರ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಿಕೊಂಡ ಶೇಲತ್, ಹೆಗ್ಡೆ, ಗ್ರೋವರ್ ಮೂವರೂ ಬಹುಮತದ ಕಡೆ ಇದ್ದವರು, ರೇ ಅಲ್ಪಮತದ ಕಡೆ. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ.ಎಸ್. ಹೆಗ್ಡೆಯವರು ನಮ್ಮ ಚಾರ್ಮಾಡಿ ಘಾಟಿ ಇಳಿದು ಹೋದರೆ ಸಿಗುವ ಕಾರ್ಕಳ ಸೀಮೆಯವರು. ಅವರೂ ಮೊದಲು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದು 1957ರಲ್ಲಿ ಹೈಕೋರ್ಟಿಗೆ ಹೋದವರು. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದವರು. ಪಕ್ಷಕ್ಕೂ ಪೀಠಕ್ಕೂ ನಡುವೆ ಗೋಡೆ ಇದೆ ಅಂತ ಹೇಳುವವರು ಈ ದಾರಿಯನ್ನು ಒಮ್ಮೆ ನೋಡಲಿ.

ಆವತ್ತು ಮಂತ್ರಿ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ, ನ್ಯಾಯಮೂರ್ತಿಯ ವಿಚಾರಧಾರೆ ಏನು ಅಂತ ನೋಡುವ ಹಕ್ಕು ಸರ್ಕಾರಕ್ಕಿದೆ ಅಂತ ಸಮರ್ಥಿಸಿದರು. ಕೇಳಲಿಕ್ಕೆ ಚೆನ್ನಾಗಿತ್ತು. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣವನ್ನು, ರಾಜರ ರಾಜಧನ ರದ್ದತಿಯನ್ನು ಹೊಡೆದು ಹಾಕಿದ ಕೋರ್ಟು ಉಳ್ಳವರ ಕೋರ್ಟು ಅನ್ನೋದರಲ್ಲಿ ಸುಳ್ಳಿರಲಿಲ್ಲ. ಬಡವರ ಪರ ಇರುವ ಜಡ್ಜರು ಬರಲಿ ಅಂದರೆ ಯಾವ ಬಡವ ಬೇಡ ಅಂತಾನೆ? ಆದರೆ ಮೂರು ವರ್ಷದ ನಂತರ ಆದದ್ದೇನು? 1976ರ ಏಪ್ರಿಲ್ 28ರಂದು ಅದೇ ರೇ ಅವರ ಪೀಠ, ತುರ್ತುಪರಿಸ್ಥಿತಿಯಲ್ಲಿ ಯಾರನ್ನಾದರೂ ಹಿಡಿದು ಜೈಲಿಗೆ ಹಾಕಿದರೆ ಕೋರ್ಟಿಗೆ ಬಂದು ಕೇಳುವ ಹಕ್ಕಿಲ್ಲ ಅಂತ 4ಕ್ಕೆ 1ರಂತೆ ತೀರ್ಪು ಕೊಟ್ಟಿತು. ಬೇಡ ಅಂದ ಒಬ್ಬರೇ ಎಚ್.ಆರ್. ಖನ್ನಾರನ್ನು 1977ರ ಜನವರಿಯಲ್ಲಿ ದಾಟಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಬೆಂಗಳೂರು ಜೈಲಿನಲ್ಲಿದ್ದ ವಿರೋಧ ಪಕ್ಷದ ನಾಯಕರ ಅರ್ಜಿಗಳು ನಮ್ಮ ಹೈಕೋರ್ಟಿಗೆ ಬಂದಿದ್ದ ಕಾಲ ಅದು. 1976ರಲ್ಲಿ ದೇಶದಲ್ಲಿ 16 ನ್ಯಾಯಮೂರ್ತಿಗಳ ಎತ್ತಂಗಡಿಯಾಯಿತು. ನಮ್ಮಲ್ಲಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ ಹೋದರು. ಬಡವರ ಹೆಸರು ಹೇಳಿ ಜಡ್ಜರನ್ನು ಆರಿಸಿದ ಕೈ ಕೊನೆಗೆ ತನಗೆ ಬೇಕಾದವರನ್ನೇ ಆರಿಸಿತು. ಇದನ್ನು ನಾವು ಮರೆಯಬಾರದು. ಯಾಕೆಂದರೆ ನಾಳೆ ಇನ್ನೊಂದು ಸರ್ಕಾರ ನಮ್ಮ ಹೆಸರೇ ಹೇಳಿಕೊಂಡು ಬರುತ್ತದೆ.

ಆಮೇಲೆ ಅಗೆಯುವ ಸರದಿ ನ್ಯಾಯಮೂರ್ತಿಗಳದು. 1981ರಲ್ಲಿ ಕೊನೆಯ ಮಾತು ಸರ್ಕಾರದ್ದು ಅಂದಿದ್ದ ಸುಪ್ರೀಂ ಕೋರ್ಟು 1993ರಲ್ಲಿ ಇಲ್ಲ, ನಮ್ಮದು ಅಂದಿತು. 1998ರಲ್ಲಿ ಐದು ಜನ ಹಿರಿಯ ನ್ಯಾಯಮೂರ್ತಿಗಳ ಕೂಟ ಅಂತ ಗಟ್ಟಿ ಮಾಡಿತು. ಇದಕ್ಕೇ ಕೊಲೀಜಿಯಂ ಅನ್ನೋದು. ಹೈಕೋರ್ಟಿಗೆ ಹೆಸರು ಕಳಿಸುವವರು ಅಲ್ಲಿನ ಮೂವರು ಹಿರಿಯರು. ಸಂವಿಧಾನದಲ್ಲಿ ಕೊಲೀಜಿಯಂ ಅನ್ನೋ ಶಬ್ದವೇ ಇಲ್ಲ. ಮುಖ್ಯ ನ್ಯಾಯಮೂರ್ತಿಯೂ ಮನುಷ್ಯರೇ ಅಂತ ಬಾಬಾಸಾಹೇಬರು ಎಚ್ಚರಿಸಿದ್ದರು. ಒಬ್ಬರ ಜಾಗದಲ್ಲಿ ಐವರು ಕೂತರೆ ಮನುಷ್ಯರ ಕುಂದು ಹೋಗುತ್ತದೆಯಾ?

ಮುಚ್ಚಿದ ಬಾಗಿಲೊಳಗೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಹೈಕೋರ್ಟಿನ ಎರಡು ಸಂಗತಿ ಸಾಕು. 2017ರ ಸೆಪ್ಟೆಂಬರಿನಲ್ಲಿ ಇಲ್ಲಿನ ಎರಡನೇ ಹಿರಿಯ ನ್ಯಾಯಮೂರ್ತಿ ಜಯಂತ್ ಪಟೇಲ್ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಆಗುವ ಹೊತ್ತಿಗೆ ಅವರನ್ನು ಅಲಹಾಬಾದಿಗೆ ಹಾಕಿದರು. ಗುಜರಾತಿನಲ್ಲಿದ್ದಾಗ ಇಶ್ರತ್ ಜಹಾನ್ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿದ ಪೀಠದಲ್ಲಿದ್ದವರು ಅವರು. ಕಾರಣ ಯಾರೂ ಹೇಳಲಿಲ್ಲ. ಅವರು ರಾಜೀನಾಮೆ ಕೊಟ್ಟು ನಡೆದರು, ವಕೀಲರು ಕಲಾಪ ಬಹಿಷ್ಕರಿಸಿದರು. ಇನ್ನೊಂದು, ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ಟರದು. ಕೊಲೀಜಿಯಂ 2016ರಲ್ಲೇ ಅವರ ಹೆಸರು ಕಳಿಸಿತು. ಕೇಂದ್ರ ಸರ್ಕಾರ ಅದರ ಮೇಲೆ ಕೂತಿತು. ಮುಗಿದಿದ್ದ ವಿಚಾರಣೆಯನ್ನು ಮತ್ತೆ ಕೆದಕಲು ಸರ್ಕಾರ ನೇರವಾಗಿ ಹೈಕೋರ್ಟಿಗೆ ಬರೆಯಿತು ಅಂತ 2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಚೆಲಮೇಶ್ವರ್ ಎಲ್ಲಾ ನ್ಯಾಯಮೂರ್ತಿಗಳಿಗೂ ಪತ್ರ ಬರೆದರು. ಭಟ್ಟರು ಹೈಕೋರ್ಟಿಗೆ ಬಂದದ್ದು 2020ರಲ್ಲಿ. ಒಂದು ಕಡೆ ಕೋರ್ಟಿನ ಮೌನ, ಇನ್ನೊಂದು ಕಡೆ ಸರ್ಕಾರದ ಮೌನ. ಕೇಳಿದರೆ ಇಬ್ಬರೂ ಸಂವಿಧಾನ ತೋರಿಸುತ್ತಾರೆ.

2014ರಲ್ಲಿ ಪಾರ್ಲಿಮೆಂಟು 99ನೇ ತಿದ್ದುಪಡಿ ಮಾಡಿ ಕೊಲೀಜಿಯಂ ತೆಗೆದು ಆಯೋಗ ತಂದಿತು. ಆರು ಜನ: ಮೂವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಆ ಇಬ್ಬರು ಗಣ್ಯರಲ್ಲಿ ಒಬ್ಬರು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಇವರಲ್ಲಿ ಯಾರಾದರೂ ಆಗಿರಬೇಕು ಅಂತ ಬರೆದಿದ್ದರು. ದೇಶದ ಮುಕ್ಕಾಲು ಪಾಲು ಜನಕ್ಕೆ ಒಂದು ಕುರ್ಚಿ! ಅದನ್ನೂ ಒಬ್ಬರಾದ ಮೇಲೆ ಒಬ್ಬರು ಸರದಿ ಕಾಯಬೇಕು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು 4ಕ್ಕೆ 1ರಂತೆ ಆ ಆಯೋಗವನ್ನೇ ರದ್ದು ಮಾಡಿತು. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆ ಅನ್ನೋದು ಕಾರಣ. ಸರ್ಕಾರದ ಕೈ ಒಳಗೆ ಬರಬಾರದು ಅನ್ನೋದು ಸರಿ. 1976 ನೋಡಿದವರು ಅದನ್ನು ಅಲ್ಲಗಳೆಯಲಾರರು. ಆದರೆ ಸರ್ಕಾರದ ಜೊತೆಗೆ ಆ ಒಂದು ಕುರ್ಚಿಯೂ ಹೊರಗೆ ಬಿತ್ತು, ಅದರ ಬಗ್ಗೆ ಯಾರೂ ಅಳಲಿಲ್ಲ.

ಈಗ ಲೆಕ್ಕ ನೋಡಿ. ಸುಪ್ರೀಂ ಕೋರ್ಟು ಶುರುವಾದದ್ದು 1950ರಲ್ಲಿ. ಮೊದಲ ದಲಿತ ನ್ಯಾಯಮೂರ್ತಿ ಎ. ವರದರಾಜನ್ ಅಲ್ಲಿಗೆ ಹೋದದ್ದು 1980ರಲ್ಲಿ. ಮೂವತ್ತು ವರ್ಷ! 1990ರ ದಶಕದ ಕೊನೆಗೆ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ತಮ್ಮ ಮುಂದೆ ಬಂದ ನೇಮಕದ ಕಡತದಲ್ಲಿ, ಪರಿಶಿಷ್ಟರನ್ನೂ ಮಹಿಳೆಯರನ್ನೂ ಪರಿಗಣಿಸೋದು ಸಂವಿಧಾನದ ಆಶಯಕ್ಕೆ ಒಪ್ಪುತ್ತದೆ ಅಂತ ಬರೆದಾಗ ಅದೇ ಒಂದು ದೊಡ್ಡ ವಿವಾದವಾಯಿತು, 'ಮೆರಿಟ್' ಅನ್ನೋ ಹಳೇ ಮಂತ್ರ ಮತ್ತೆ ಕೇಳಿಸಿತು. 2007ರಲ್ಲಿ ಕೆ.ಜಿ. ಬಾಲಕೃಷ್ಣನ್ ಮೊದಲ ದಲಿತ ಮುಖ್ಯ ನ್ಯಾಯಮೂರ್ತಿ ಆದರು. 2010ರಲ್ಲಿ ಅವರು ನಿವೃತ್ತರಾದ ಮೇಲೆ 2019ರಲ್ಲಿ ಬಿ.ಆರ್. ಗವಾಯಿ ಬರುವ ತನಕ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ದಲಿತನೂ ಇರಲಿಲ್ಲ. ಹೈಕೋರ್ಟುಗಳ ಲೆಕ್ಕ ಬೇಕೇ? 2018ರಿಂದ ನೇಮಕವಾದ 715 ನ್ಯಾಯಮೂರ್ತಿಗಳಲ್ಲಿ ಪರಿಶಿಷ್ಟ ಜಾತಿಯವರು 22, ಪರಿಶಿಷ್ಟ ಪಂಗಡದವರು 16, ಹಿಂದುಳಿದ ವರ್ಗದವರು 89, ಅಲ್ಪಸಂಖ್ಯಾತರು 37. ಇದು 2025ರ ಮಾರ್ಚಿನಲ್ಲಿ ಕಾನೂನು ಮಂತ್ರಿ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ. ನೂರಕ್ಕೆ ಮೂರು ಜನ ನಾವು. 2011ರ ಜನಗಣತಿಯಲ್ಲಿ ನಾವು ನೂರಕ್ಕೆ ಹದಿನಾರಕ್ಕೂ ಹೆಚ್ಚು.

ಯಾಕೆ ಹೀಗೆ ಅಂತ ಕೇಳಿದರೆ ಸರ್ಕಾರ ಹೇಳುತ್ತದೆ: ಹೆಸರು ಕಳಿಸೋದು ಕೋರ್ಟು, ನಾವು ಅವರಿಗೆ ಪರಿಶಿಷ್ಟರನ್ನು ನೋಡಿ ಅಂತ ವಿನಂತಿ ಮಾಡುತ್ತಲೇ ಇದ್ದೇವೆ. ಕೋರ್ಟಿನ ಕಡೆಯವರು ಹೇಳುತ್ತಾರೆ: ಮೇಲಿನ ಕೋರ್ಟುಗಳ ನೇಮಕದಲ್ಲಿ ಮೀಸಲಾತಿ ಸಂವಿಧಾನದಲ್ಲೇ ಇಲ್ಲ, ಹಿರಿತನ ಯೋಗ್ಯತೆ ನೋಡಬೇಕು. ಜಗಳ ಮಾಡುವಾಗ ಇಬ್ಬರಿಗೂ ಅಧಿಕಾರ ಬೇಕು. ನಮ್ಮ ಲೆಕ್ಕ ಕೇಳುವಾಗ ಇಬ್ಬರ ಕೈಯಲ್ಲೂ ಅಧಿಕಾರ ಇಲ್ಲ!

ನಮ್ಮವರು ಒಬ್ಬರು ಬಂದರೆ ಸಾಕೇ ಅನ್ನೋ ಪ್ರಶ್ನೆಯನ್ನೂ ನಾವು ನಮಗೇ ಕೇಳಿಕೊಳ್ಳಬೇಕು. 2009ರಲ್ಲಿ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಡಿ. ದಿನಕರನ್ ಅವರ ಹೆಸರು ಸುಪ್ರೀಂ ಕೋರ್ಟಿಗೆ ಹೋಯಿತು. ದಲಿತ ಸಮುದಾಯದಿಂದ ಬಂದವರು. ಅಷ್ಟರಲ್ಲಿ ತಮಿಳುನಾಡಿನ ಕಾವೇರಿರಾಜಪುರಂನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿದ ಆರೋಪ ಅವರ ಮೇಲೆ ಬಂತು. ಅವರು ಅಲ್ಲಗಳೆದರು. ಬಡ್ತಿ ನಿಂತಿತು, 2010ರಲ್ಲಿ ಸಿಕ್ಕಿಮ್‌ಗೆ ವರ್ಗವಾಯಿತು, ವಿಚಾರಣೆ ಮುಗಿಯುವ ಮೊದಲೇ 2011ರಲ್ಲಿ ರಾಜೀನಾಮೆ ಕೊಟ್ಟರು. ಜಾತಿ ಕಾರಣಕ್ಕೆ ಬೇಟೆಯಾಡುತ್ತಿದ್ದಾರೆ ಅಂತ ನಮ್ಮಲ್ಲಿ ಕೆಲವರು ಬೀದಿಗಿಳಿದರು. ಬೇರೆ ಜಾತಿಯವರ ಮೇಲೆ ಇಷ್ಟೇ ಬಿಗಿಯಾಗಿ ವಿಚಾರಣೆ ಆಗುತ್ತದಾ ಅನ್ನೋ ಪ್ರಶ್ನೆ ನ್ಯಾಯವಾದದ್ದು. ಹಾಗಂತ ಬಡವರ ಊರಿನ ಜಮೀನಿನ ಪ್ರಶ್ನೆಯನ್ನು ನಮ್ಮವರು ಅನ್ನೋ ಕಾರಣಕ್ಕೆ ಬಿಡಲಿಕ್ಕೆ ಬರೋದಿಲ್ಲ. ಎರಡು ಪ್ರಶ್ನೆಯನ್ನೂ ಒಟ್ಟಿಗೆ ಕೇಳುವ ಎದೆ ನಮಗೆ ಬೇಕು.

2024ರ ಆಗಸ್ಟ್ 1ರ ಒಳಮೀಸಲಾತಿ ತೀರ್ಪು ನೋಡಿ. ದಶಕಗಳಿಂದ ಹೋರಾಡಿದ ಮಾದಿಗ ಬಂಧುಗಳಿಗೆ ಅದು ಬೆಳಕು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಗವಾಯಿ ಪರಿಶಿಷ್ಟರಲ್ಲೂ ಕೆನೆಪದರ ಗುರುತಿಸಬೇಕು ಅಂತ ಬರೆದರು. ನಮ್ಮಲ್ಲಿ ಅನೇಕರಿಗೆ ಅದು ಒಪ್ಪಿಗೆಯಿಲ್ಲ. ಇರಲಿ. ನಮ್ಮವರು ಪೀಠಕ್ಕೆ ಹೋಗೋದು ನಮ್ಮ ಪರ ತೀರ್ಪು ಬರೆಯಲಿ ಅಂತ ಅಲ್ಲ. ನಮ್ಮ ಬದುಕು ಗೊತ್ತಿರುವ ಒಬ್ಬರು ಆ ಕೋಣೆಯಲ್ಲಿ ಇದ್ದು ವಾದ ಮಾಡಲಿ ಅಂತ. ಮೇಲ್ಜಾತಿಯ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ವಿರುದ್ಧ ಬರೆದರೆ ಅದು ಕಾನೂನಿನ ಚರ್ಚೆ ಅಂತಾರೆ. ನಮಗೂ ಆ ಅವಕಾಶ ಬೇಕು. ಆ ಕುರ್ಚಿ ಏರಿದರೂ ಜಾತಿ ಇಳಿಯೋದಿಲ್ಲ ಅನ್ನೋದೂ ನೆನಪಿರಲಿ. 2025ರ ಮೇ 14ರಂದು ಗವಾಯಿ ಮುಖ್ಯ ನ್ಯಾಯಮೂರ್ತಿ ಆದರು. ಅಕ್ಟೋಬರ್ 6ರಂದು ತೆರೆದ ಕೋರ್ಟಿನಲ್ಲೇ ಒಬ್ಬ ವಕೀಲ ಅವರತ್ತ ಶೂ ಎಸೆಯಲು ಹೋದ.

ಹಾಗಾದರೆ ನಾವು ಯಾವ ಕಡೆ? ಸರ್ಕಾರದ ಕಡೆಯೂ ಅಲ್ಲ, ಕೊಲೀಜಿಯಂ ಕಡೆಯೂ ಅಲ್ಲ. ಅಮೆರಿಕದ ಪಕ್ಷದ ಕುಸ್ತಿಯೂ ನಮಗೆ ಬೇಡ. ಅಲ್ಲಿಂದ ನಾವು ತಗೊಳ್ಳಬೇಕಾದ್ದು ಒಂದೇ, ಬೆಳಕು. ಯಾರ ಹೆಸರು ಬಂದಿದೆ, ಅವರು ಹಿಂದೆ ಏನು ಹೇಳಿದ್ದರು ಅಂತ 1930ರಲ್ಲಿ ಕಪ್ಪು ಜನಕ್ಕೆ ಗೊತ್ತಾದ ಕಾರಣ ಅವರು ಬಾಯಿ ತೆರೆಯಲು ಆಯಿತು. ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಒಂದು, ಯಾರ ಯಾರ ಹೆಸರು ನೋಡಿದರು, ಯಾಕೆ ಆರಿಸಿದರು, ಯಾಕೆ ಬಿಟ್ಟರು ಅನ್ನೋದನ್ನು ಬರವಣಿಗೆಯಲ್ಲಿ ಪ್ರಕಟಿಸಬೇಕು. 2017ರ ಅಕ್ಟೋಬರಿನಲ್ಲಿ ಕೊಲೀಜಿಯಂ ತನ್ನ ನಿರ್ಣಯ ಪ್ರಕಟಿಸಲು ಶುರು ಮಾಡಿತು, ಅದನ್ನು ಪೂರ್ತಿ ಮಾಡಲಿ. ಎರಡು, ಸರ್ಕಾರ ಹೆಸರಿನ ಮೇಲೆ ಕೂತರೆ ಎಷ್ಟು ದಿನ, ಯಾಕೆ ಅಂತ ಜನಕ್ಕೆ ಹೇಳಬೇಕು. ಮೂರು, ಪ್ರತಿ ಹೈಕೋರ್ಟಿನ ಸಾಮಾಜಿಕ ಲೆಕ್ಕವನ್ನು ಪ್ರತಿ ವರ್ಷ ಕೊಡಬೇಕು. ನಮ್ಮ ಹೈಕೋರ್ಟಿಗೆ ಮಂಜೂರಾದ ನ್ಯಾಯಮೂರ್ತಿಗಳ ಸಂಖ್ಯೆ 62. ಅದರಲ್ಲಿ ನಮ್ಮವರೆಷ್ಟು ಅಂತ ಕೇಳುವ ಹಕ್ಕು ನಮಗಿದೆ. ನಾಲ್ಕು, ಆರಿಸುವ ಕೋಣೆಯಲ್ಲಿ ನಮ್ಮ ಜನ ಇರಬೇಕು, ಐದು ಸಮುದಾಯಕ್ಕೆ ಒಂದು ಕುರ್ಚಿಯ ಭಿಕ್ಷೆ ಸಾಲದು.

ಬೇಡಿಕೆ ಬರೆದರೆ ಸಾಲದು, ಜನ ಬೇಕು. ಹೈಕೋರ್ಟಿಗೆ ಹೆಸರು ಹೋಗೋದು ಹೆಚ್ಚಾಗಿ ವಕೀಲರಿಂದ. ಕನಿಷ್ಠ ಹತ್ತು ವರ್ಷ ವಕೀಲಿ ಬೇಕು. ಮೊದಲ ವರ್ಷಗಳಲ್ಲಿ ಸೀನಿಯರ್ ಆಫೀಸಿನಲ್ಲಿ ಕಡತ ಹೊತ್ತು ನಿಂತರೆ ಬಸ್ ಚಾರ್ಜಿಗೂ ಕಾಸು ಹುಟ್ಟೋದಿಲ್ಲ. ಅಪ್ಪನ ಕೂಲಿ ನಂಬಿಕೊಂಡಿರುವ ಹುಡುಗ ಎಷ್ಟು ವರ್ಷ ನಿಲ್ಲುತ್ತಾನೆ? ಮೀಸಲಾತಿ ಇರುವ ದಾರಿ ಕೆಳಗಿನ ಕೋರ್ಟಿನ ಸಿವಿಲ್ ಜಡ್ಜ್ ಪರೀಕ್ಷೆ. ಅದಕ್ಕೂ ಮೂರು ವರ್ಷದ ವಕೀಲಿ ಇರಬೇಕು ಅಂತ 2025ರ ಮೇ 20ರಂದು ಸುಪ್ರೀಂ ಕೋರ್ಟು ಹೇಳಿತು, ಗವಾಯಿಯವರ ಪೀಠವೇ ಹೇಳಿತು. ಅನುಭವ ಬೇಕು ಅನ್ನೋದು ಸರಿ. ಆ ಮೂರು ವರ್ಷದ ಅಕ್ಕಿಗೆ ಯಾರು ದುಡ್ಡು ಕೊಡ್ತಾರೆ ಅನ್ನೋದು ನಮ್ಮ ಪ್ರಶ್ನೆ. ಪರಿಶಿಷ್ಟ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆ ಇದೆ. ಅದು ಎಷ್ಟು ಜನಕ್ಕೆ ಗೊತ್ತು? ಬಿ.ಎ. ಮುಗಿಸಿದ ಎಲ್ಲರೂ ಬಿ.ಇಡಿ. ಅರ್ಜಿಯನ್ನೇ ಯಾಕೆ ಹಾಕಬೇಕು? ಪ್ರತಿ ಹಾಸ್ಟೆಲಿನಿಂದ ವರ್ಷಕ್ಕೆ ಇಬ್ಬರು, ಅದರಲ್ಲಿ ಒಬ್ಬಳು ಹುಡುಗಿ, ಲಾ ಕಾಲೇಜಿಗೆ ಹೋಗಲಿ. ನೌಕರಿಯಲ್ಲಿರುವ ಅಣ್ಣಂದಿರು ಅಕ್ಕಂದಿರು ಆ ಇಬ್ಬರ ಮೂರು ವರ್ಷದ ಊಟವನ್ನು ಹಂಚಿಕೊಳ್ಳಲಿ.

ಆಗೋದಿಲ್ಲ ಅನ್ನಬೇಡಿ. ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಅಜ್ಜ ಬಾಬಾಸಾಹೇಬರ ಒಡನಾಡಿ. ಆ ದಿನ ಮೊದಲ ಸಲ ಮೂವರು ದಲಿತ ನ್ಯಾಯಮೂರ್ತಿಗಳು ಒಟ್ಟಿಗೆ ಆ ಕೋರ್ಟಿನಲ್ಲಿದ್ದರು. ಅಜ್ಜ ಚಳವಳಿಯಲ್ಲಿ ನಡೆದ ದಾರಿ, ಮೊಮ್ಮಗ ಪೀಠಕ್ಕೆ ಹೋದ ದಾರಿ ಎರಡೂ ಒಂದೇ.

ಕೊನೆಗೆ ಈ ತಿಂಗಳ ಕೆಲಸ. ರಾಜ್ಯಸಭೆಯಲ್ಲಿ ಮನೋಜ್ ಝಾ ಅನ್ನೋ ಸದಸ್ಯರು ಒಂದು ಪ್ರಶ್ನೆ ಕೇಳಿದ್ದಕ್ಕೆ 715ರ ಲೆಕ್ಕ ಹೊರಗೆ ಬಂತು. ಮೂಡಿಗೆರೆ ವಿಧಾನಸಭಾ ಕ್ಷೇತ್ರ ಪರಿಶಿಷ್ಟರಿಗೆ ಮೀಸಲು. ನಾವು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದವರು. ಯಾವ ಪಕ್ಷದವರೇ ಇರಲಿ, ಓಟಿಗೆ ನಮ್ಮ ಕೇರಿಗೆ ಬಂದವರು. ಅವರಿಗೆ ಪ್ರತಿ ಹಾಸ್ಟೆಲಿನಿಂದ ಒಂದು ಕಾರ್ಡು ಹಾಕಿ. ಕರ್ನಾಟಕ ಹೈಕೋರ್ಟಿಗೆ ಕಳೆದ ಹತ್ತು ವರ್ಷದಲ್ಲಿ ಎಷ್ಟು ಹೆಸರು ಹೋಯಿತು, ಅದರಲ್ಲಿ ಪರಿಶಿಷ್ಟರೆಷ್ಟು, ಎಷ್ಟನ್ನು ತಡೆದರು, ಯಾರು ತಡೆದರು ಅಂತ ಸದನದಲ್ಲಿ ಕೇಳಲು ಹೇಳಿ. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ, ಎಲ್ಲರೆದುರು ಓದೋಣ.

ಜೈ ಭೀಮ್.